ಬೆಳೆಯುವ ಮಗಳ ಕೋಣೆ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬರಾದ ನಾವೂ ಏನಾದರೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕಿಯರು ಅಪ್ಪಣೆ ಮಾಡಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬುದು ಬಹುದಿನಗಳವರೆಗೆ ನಮಗೆ ತೋಚಲಿಲ್ಲ. ಸ್ತ್ರೀವಿದ್ಯಾಭ್ಯಾಸದ ಹಿರಿಮೆಯನ್ನು ಕುರಿತು ನಮಗಿಂತ ಬಲ್ಲವರು ಬರೆಯುವರು. ಶಾಲೆಯ ಚರಿತ್ರೆಯನ್ನು ನಮ್ಮ ಹಿರಿಯ ಸಹೋದರಿಯರು ಬರೆಯುವರು. ಆದಕಾರಣ ನಾವು ಒಂದು ಸಣ್ಣ ಸಂಗತಿಯನ್ನೇ, 10 ಅಡಿ ಅಗಲ 12 ಅಡಿ ಉದ್ದದ ಒಂದು ಕೋಣೆಯ ಸಂಗತಿಯನ್ನೇ, ವಾಚಕರ ಮುಂದಿಡಲು ಧೈರ್ಯಮಾಡಿದ್ದೇವೆ. ಈ ವಿಷಯದಲ್ಲಿ ಮಾತನಾಡಲು ನಮಗಿರುವ ಅಧಿಕಾರವಾದರೂ ಒಂದೇ: ನಾವು ಇದರಲ್ಲಿ ತಪ್ಪಿದ್ದೇವೆ, ಮತ್ತು ಆ ತಪ್ಪಿನಿಂದ ಕಲಿತಿದ್ದೇವೆ. ಬೆಳೆಯುವ ಮಕ್ಕಳುಳ್ಳ ತಂದೆತಾಯಿಗಳಿಗೆ ನಮ್ಮ ಅನುಭವವು ಕಿಂಚಿತ್ತಾದರೂ ಉಪಯೋಗಕ್ಕೆ ಬಂದರೆ ಬರೆದ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆವು.

ನಮ್ಮ ಮನೆಯು ಮಂಗಳೂರಿನಲ್ಲಿದೆ. ನಮ್ಮ ಮಾವನವರ ತಂದೆಯವರು 1950ರ ದಶಕದಲ್ಲಿ ಕಟ್ಟಿಸಿದ ಹಂಚಿನ ಮಾಡಿನ ಮನೆ ಅದು. ಅದರ ಪೂರ್ವದ ಬದಿಯ ಕೋಣೆಯನ್ನು, ನಮ್ಮ ಒಬ್ಬಳೇ ಮಗಳಿಗೆ ನಾಲ್ಕು ವರ್ಷ ತುಂಬಿದಾಗ, ಅವಳಿಗೆಂದು ಬಿಟ್ಟುಕೊಟ್ಟೆವು. ಆ ಕಾಲದಲ್ಲಿ ನಾವು ಶಿಶುಶಿಕ್ಷಣವನ್ನು ಕುರಿತ ಕೆಲವು ಪುಸ್ತಕಗಳನ್ನು ಶ್ರದ್ಧೆಯಿಂದ ಓದುತ್ತಿದ್ದೆವು. ಮರಿಯಾ ಮಾಂಟೆಸ್ಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ತೆರೆದ ಶಿಶುಗೃಹದ ವಿಚಾರವನ್ನೂ, ಅವರು ಮೇಜು ಕುರ್ಚಿ ಕಪಾಟುಗಳನ್ನು ಮಕ್ಕಳ ಅಳತೆಗೆ ಮಾಡಿಸಿದ ವಿಚಾರವನ್ನೂ ತಿಳಿದು, ನಾವೂ ಆಚಾರಿಯನ್ನು ಕರೆಸಿ ಹಲಸಿನ ಮರದ ಒಂದು ತಗ್ಗಾದ ಮೇಜನ್ನೂ ಅದಕ್ಕೆ ತಕ್ಕ ಸಣ್ಣ ಕುರ್ಚಿಯನ್ನೂ ಮಾಡಿಸಿದೆವು. ಗೋಡೆಗೆ ಗಿಳಿಹಸುರು ಬಣ್ಣವನ್ನು ಬಳಿಸಿ, ಅದರ ಮೇಲೆ ಒಂದರ ಬಾಲವನ್ನು ಇನ್ನೊಂದು ಹಿಡಿದಿರುವ ಏಳು ಆನೆಗಳನ್ನು ನಮ್ಮ ಕೈಯಿಂದಲೇ ಬರೆದೆವು. ನೋಡಿದವರೆಲ್ಲ ಹೊಗಳಿದರು. ಅನೇಕ ವರ್ಷಗಳವರೆಗೆ ಆ ಕೋಣೆಯೂ ಮಗುವೂ ಒಂದಕ್ಕೊಂದು ಹೊಂದಿಕೊಂಡೇ ಇದ್ದುವು.

2024ನೆಯ ಇಸವಿಯಲ್ಲಿ ಅವಳಿಗೆ ಹದಿಮೂರು ತುಂಬಿತು. ಅಷ್ಟರಲ್ಲಿ ಮೇಜಿನ ಕೆಳಗೆ ಅವಳ ಮೊಣಕಾಲು ಹೋಗದಾಯಿತು. ಮಂಚದ ತುದಿಯಿಂದ ಪಾದಗಳು ಹೊರಚಾಚಿದುವು. ಅವಳು ನೆಲದ ಮೇಲೆ ಬೋರಲಾಗಿ ಮಲಗಿ ಬರೆಯುವುದನ್ನು ರೂಢಿಮಾಡಿಕೊಂಡಳು. ಗೆಳತಿಯರು ಬಂದರೆ ಅವರನ್ನು ಒಳಗೆ ಕರೆಯದೆ ಜಗಲಿಯಲ್ಲಿಯೇ ಕೂರಿಸುತ್ತಿದ್ದಳು. ಇದನ್ನೆಲ್ಲ ನೋಡಿ, ಕೋಣೆಯನ್ನು ಬದಲಾಯಿಸುವ ಕಾಲವು ಬಂದಿತೆಂದು ನಮಗೆ ಮನದಟ್ಟಾಯಿತು. ಇಲ್ಲಿಯವರೆಗೆ ನಾವು ತಪ್ಪಲಿಲ್ಲ.

ತಪ್ಪಿದ್ದು ಮುಂದೆ. ಎಪ್ರಿಲ್ ತಿಂಗಳ ರಜೆಯಲ್ಲಿ ಅವಳು ಪುತ್ತೂರಿನ ಅಜ್ಜಿಮನೆಗೆ ಹೋಗಿ ಹದಿನೈದು ದಿವಸ ನಿಲ್ಲುವುದೆಂದು ನಿಶ್ಚಯವಾಯಿತು. ಅವಳು ಹಿಂದಿರುಗುವಷ್ಟರಲ್ಲಿ ಎಲ್ಲವನ್ನೂ ಮುಗಿಸಿ ಅವಳನ್ನು ಆಶ್ಚರ್ಯಪಡಿಸಬೇಕೆಂದು ನಾವು ಗುಟ್ಟಾಗಿ ಸಂಕಲ್ಪಿಸಿದೆವು. ಗಿಳಿಹಸುರು ಹೋಗಿ ಗೋಡೆಗೆ ತಿಳಿಯಾದ ಗುಲಾಬಿ ಬಣ್ಣ ಬಂದಿತು. ಆನೆಗಳ ಮೇಲೆ ಬಣ್ಣ ಬಳಿಯುವಾಗ ನಮ್ಮ ಕಣ್ಣಲ್ಲಿ ನೀರು ಬಂದುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಹೂವಿನ ಪರದೆಗಳನ್ನು ಹೊಲಿಸಿದೆವು. ಉದ್ದ ಮಂಚವನ್ನು ತರಿಸಿದೆವು. ಕನ್ನಡಿಯಿರುವ ಒಂದು ಮೇಜನ್ನೂ, ಓದಲು ಬೇರೊಂದು ಮೇಜನ್ನೂ ಕೊಂಡೆವು. ಗೊಂಬೆಗಳನ್ನು ನೆರೆಮನೆಯ ಮಕ್ಕಳಿಗೆ ಹಂಚಿದೆವು. ಮಂಚದಡಿಯಲ್ಲಿದ್ದ ಹರಕು ಪುಸ್ತಕ, ಮುರಿದ ಪೆನ್ಸಿಲು, ತುಕ್ಕುಹಿಡಿದ ಒಂದು ಬಿಸ್ಕತ್ತಿನ ಡಬ್ಬಿ ಇವೆಲ್ಲವನ್ನೂ ಕಸದ ಗಾಡಿಗೆ ಹಾಕಿದೆವು. ನಾವು ಹದಿಮೂರರ ವಯಸ್ಸಿನಲ್ಲಿ ಕನಸು ಕಂಡಿದ್ದ ಕೋಣೆಯು ಅಲ್ಲಿ ಪ್ರತ್ಯಕ್ಷವಾಗಿ ನಿಂತಿತು.

ಮಗಳು ಬಂದಳು. ಬಾಗಿಲಲ್ಲಿ ನಿಂತು ಒಂದು ಸುತ್ತು ಕಣ್ಣಾಡಿಸಿ, “ಚೆನ್ನಾಗಿದೆ ಅಮ್ಮ” ಎಂದಳು. ಅನಂತರ ಮಂಚದಡಿಗೆ ಬಗ್ಗಿ ನೋಡಿದಳು.

“ನನ್ನ ಡಬ್ಬಿ ಎಲ್ಲಿ?”

ಆ ಡಬ್ಬಿಯಲ್ಲಿ ಏನಿತ್ತೆಂಬುದು ನಮಗೆ ತಿಳಿದುದು ಆಗಲೇ. ಸೋಮೇಶ್ವರದ ಕಡಲ ಕರೆಯಲ್ಲಿ ಆಯ್ದ ಚಿಪ್ಪುಗಳು, ಅಜ್ಜಿಮನೆಯ ಗುಡ್ಡದ ಮಂಜೊಟ್ಟಿ ಬೀಜಗಳು, ಊರುಬಿಟ್ಟು ಹೋದ ಗೆಳತಿಯೊಬ್ಬಳು ಬರೆದುಕೊಟ್ಟ ಚೀಟಿಗಳು, ತೀರಿಹೋದ ಅಜ್ಜನು ಅವಳಿಗಾಗಿ ಕೆತ್ತಿದ ಒಂದು ತೆಂಗಿನ ಗೆರಟೆಯ ಉಂಗುರ. ನಾವು ಅದನ್ನು ತೆರೆದು ಕೂಡ ನೋಡಿರಲಿಲ್ಲ. ಕಸದ ಗಾಡಿ ಹೋಗಿ ಆಗಲೇ ಆರು ದಿವಸಗಳಾಗಿದ್ದುವು. ಅವಳು ಕೂಗಾಡಲಿಲ್ಲ. “ನನ್ನನ್ನು ಒಂದು ಮಾತು ಕೇಳಬಹುದಿತ್ತು” ಎಂದಷ್ಟೇ ಹೇಳಿ, ಚಾಪೆಯನ್ನು ತೆಗೆದುಕೊಂಡು ಹೋಗಿ ಚಾವಡಿಯಲ್ಲಿ ಅಜ್ಜಿಯ ಬದಿಯಲ್ಲಿ ಮಲಗಿದಳು. ಎಂಟು ರಾತ್ರಿ ಅಲ್ಲಿಯೇ ಮಲಗಿದಳು.

ಮೊದಲು ನಮಗೆ ಬಂದುದು ಕೋಪವೇ. ಇಷ್ಟು ಹಣ, ಇಷ್ಟು ದುಡಿಮೆ, ಇದಕ್ಕೆ ಪ್ರತಿಯಾಗಿ ತುಕ್ಕುಡಬ್ಬಿಯೊಂದರ ಮಾತೇ ಎಂದು ಮುನಿಸಿಕೊಂಡೆವು. ಹೆಚ್ಚು ಮಾತಾಡದವರಾದ ನಮ್ಮ ಯಜಮಾನರು ಒಂದು ರಾತ್ರಿ, “ನಾವು ಅವಳಿಗೆ ಕೋಣೆಯನ್ನು ಕೊಟ್ಟೆವೋ, ಅವಳ ಕೋಣೆಯನ್ನು ತೆಗೆದುಕೊಂಡೆವೋ?” ಎಂದು ಕೇಳಿದರು. ಆ ಪ್ರಶ್ನೆಯು ನಮ್ಮನ್ನು ಬಹುಹೊತ್ತು ನಿದ್ದೆಗೆಡಿಸಿತು. ಮರುದಿನ ನಾವು ಸಂಕೋಚದಿಂದಲೇ ಆನೆಗಳ ವಿಷಯವನ್ನೆತ್ತಿ ಕ್ಷಮೆ ಕೇಳಹೋದೆವು. “ಆನೆ ಹೋದದ್ದಕ್ಕೆ ನನಗೇನೂ ಇಲ್ಲ ಅಮ್ಮ, ಅದು ನಿಮ್ಮದು” ಎಂದಳು. ಯಾವುದನ್ನು ಅಳಿಸುವಾಗ ನಾವು ಅತ್ತೆವೋ ಅದು ಅವಳಿಗೆ ಬೇಕಾಗಿರಲಿಲ್ಲ. ಯಾವುದನ್ನು ಕಸವೆಂದು ಎಸೆದೆವೋ ಅದೇ ಅವಳ ಐಶ್ವರ್ಯವಾಗಿತ್ತು. ಇದನ್ನು ಊಹಿಸಿ ತಿಳಿಯುವ ಉಪಾಯವಿಲ್ಲ, ಕೇಳಿಯೇ ತಿಳಿಯಬೇಕು.

ನಮಗಾದರೋ ಇದು ಮೊದಲೇ ತಿಳಿದಿರಬೇಕಿತ್ತು. 1990ರಲ್ಲಿ ನಾವು ಈ ಶಾಲೆಯ ವಸತಿಗೃಹಕ್ಕೆ ಬಂದು ಸೇರಿದಾಗ ನಮ್ಮ ಸ್ವಂತದ್ದೆಂದು ಹೇಳಿಕೊಳ್ಳುವುದಕ್ಕಿದ್ದುದು ಮಂಚದಡಿಯ ಒಂದು ತಗಡಿನ ಟ್ರಂಕು ಮಾತ್ರ. ಅದರ ಬೀಗದ ಕೈಯನ್ನು ಕಪ್ಪು ನೂಲಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದೆವು. ಮನೆಯಲ್ಲಿ ಐವರು ಅಕ್ಕತಂಗಿಯರು ಒಂದೇ ಚಾವಡಿಯಲ್ಲಿ ಮಲಗಿ ಬೆಳೆದ ನಮಗೆ ಆ ಬೀಗದ ಕೈಯೇ ಒಂದು ರಾಜ್ಯವಾಗಿತ್ತು. ನಮ್ಮ ಮೇಲ್ವಿಚಾರಕಿಯವರು ಬಹು ಕಟ್ಟುನಿಟ್ಟಿನವರು. ಶನಿವಾರ ಶನಿವಾರ ಹಾಸಿಗೆಯ ಮಡಿಕೆಯನ್ನೂ ಉಗುರುಗಳನ್ನೂ ಪರೀಕ್ಷಿಸುತ್ತಿದ್ದರು. ಆದರೆ ಟ್ರಂಕನ್ನು ನೋಡಬೇಕಾದಾಗ, “ಮಗೂ, ನಿನ್ನ ಪೆಟ್ಟಿಗೆಯನ್ನು ನೀನೇ ತೆರೆದು ತೋರಿಸು” ಎಂದು ಹೇಳಿ, ಕೈಕಟ್ಟಿ ದೂರ ನಿಲ್ಲುತ್ತಿದ್ದರು. ಅವರು ಎಂದೂ ತಾವಾಗಿ ಮುಚ್ಚಳವನ್ನು ಎತ್ತಿದವರಲ್ಲ. ಆಂಗ್ಲ ಲೇಖಕಿ ವರ್ಜೀನಿಯಾ ವುಲ್ಫ್ ಅವರು 1928ರಲ್ಲಿ ಕೇಂಬ್ರಿಜ್‌ನ ನ್ಯೂನಮ್ ಮತ್ತು ಗರ್ಟನ್ ಎಂಬ ಎರಡು ಮಹಿಳಾ ಕಾಲೇಜುಗಳಲ್ಲಿ ಮಾಡಿದ ಉಪನ್ಯಾಸಗಳಿಂದ ಬೆಳೆದು 1929ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಬರೆಯಬಯಸುವ ಹೆಂಗಸಿಗೆ ಸ್ವಂತ ಹಣವೂ ಬೀಗವುಳ್ಳ ಸ್ವಂತ ಕೋಣೆಯೂ ಬೇಕೆಂದು ವಾದಿಸಿದರು. ಆ ಗ್ರಂಥವನ್ನು ನಾವು ಕಾಲೇಜಿನಲ್ಲಿ ಓದಿ ತಲೆದೂಗಿದವರೇ. ಆದರೂ ನಮ್ಮ ಮಗಳ ಡಬ್ಬಿಯ ಮುಚ್ಚಳದ ಬಳಿಗೆ ಬಂದಾಗ ಓದಿದ್ದೂ ಮರೆತುಹೋಯಿತು, ಮೇಲ್ವಿಚಾರಕಿಯವರೂ ಮರೆತುಹೋದರು.

ನಮ್ಮ ಕೆಲಸವು ಹೇಗೂ ಬಹುಕಾಲ ನಿಲ್ಲಲಿಲ್ಲ. ಅವಸರದಲ್ಲಿ ಮಾಡನ್ನು ಪರೀಕ್ಷಿಸದೆ ಬಣ್ಣ ಬಳಿಸಿದ್ದೆವು. ಜುಲೈ ತಿಂಗಳ ಮಳೆಗೆ ಒಡೆದ ಹಂಚೊಂದರಿಂದ ನೀರಿಳಿದು, ಗುಲಾಬಿ ಬಣ್ಣವು ಗುಳ್ಳೆಯೆದ್ದು ಗೋಡೆಯ ಮೇಲೆ ಬೂಷ್ಟು ಹಿಡಿಯಿತು. ಆಗ ನಾವು ಮಗಳನ್ನು ಕರೆದು, “ಡಬ್ಬಿಯನ್ನು ನಾವು ತಂದುಕೊಡಲಾರೆವು, ಅದು ನಮ್ಮ ತಪ್ಪು. ಮಳೆ ಮುಗಿದ ಮೇಲೆ ಕೋಣೆಯನ್ನು ಮತ್ತೆ ಮಾಡಬೇಕಾಗಿದೆ. ಈ ಸಲ ನೀನು ಹೇಳು, ನಾವು ಕೇಳುತ್ತೇವೆ” ಎಂದೆವು. ಅವಳು ನಂಬಲಿಲ್ಲ. 15,000 ರೂಪಾಯಿಗಳಷ್ಟೇ ಇವೆಯೆಂದೂ, ಅದರೊಳಗೆ ಲೆಕ್ಕಹಾಕಬೇಕಾದವಳು ಅವಳೇ ಎಂದೂ ಹೇಳಿ, ಅಳತೆಯ ಟೇಪನ್ನು ಕೈಗೆ ಕೊಟ್ಟ ಮೇಲೆ ನಂಬಿದಳು. ಗ್ರಾಫ್ ಕಾಗದದ ಮೇಲೆ ಒಂದು ಚೌಕಕ್ಕೆ ಅರ್ಧ ಅಡಿಯಂತೆ ಕೋಣೆಯ ನಕ್ಷೆಯನ್ನು ಬರೆದು, ಮಂಚ ಮೇಜು ಕಪಾಟುಗಳನ್ನು ಅದೇ ಅಳತೆಯಲ್ಲಿ ರಟ್ಟಿನಿಂದ ಕತ್ತರಿಸಿ, ಅವುಗಳನ್ನು ಅತ್ತಿತ್ತ ಸರಿಸುತ್ತ ಮಳೆಗಾಲವನ್ನೆಲ್ಲ ಕಳೆದಳು. ಭಾರವಾದ ಮಂಚವನ್ನು ಹತ್ತು ಸಲ ಎಳೆದಾಡುವುದಕ್ಕಿಂತ ರಟ್ಟನ್ನು ನೂರು ಸಲ ಸರಿಸುವುದು ಸುಲಭವೆಂಬುದನ್ನು ನಾವು ಅವಳಿಂದ ಕಲಿತೆವು.

ಡಿಸೆಂಬರ್ ತಿಂಗಳಲ್ಲಿ, ಗೋಡೆಗಳು ಪೂರ್ತಿಯಾಗಿ ಒಣಗಿದ ಮೇಲೆ ಕೆಲಸಕ್ಕೆ ಕೈಹಚ್ಚಿದೆವು. ಮೊದಲನೆಯ ಕೆಲಸವು ಮಾಡಿನದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚಿನ ಗುಣವೇನೆಂದರೆ, ಒಂದು ಒಡೆದರೆ ಆ ಒಂದನ್ನೇ ರೀಪಿನ ಮೇಲಿಂದ ಎತ್ತಿ ಬೇರೊಂದನ್ನು ಕೂರಿಸಬಹುದು. ಎರಡನೆಯ ಕೆಲಸವು ಕಿಟಕಿಗಳದು. ಅವುಗಳ ಮೇಲೆ ಎಷ್ಟೋ ಕಾಲದ ಎಣ್ಣೆಬಣ್ಣವು ಪದರುಪದರಾಗಿ ಕೂತಿತ್ತು. ಹಳೆಯ ಬಣ್ಣಗಳಲ್ಲಿ ಸೀಸವು ಹೆಚ್ಚಾಗಿರುವುದುಂಟು. ಅದರ ಧೂಳು ಉಸಿರಿನಿಂದಲೂ ಕೈಬಾಯಿಗಳಿಂದಲೂ ಒಳಸೇರಿ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಸರಕಾರವು 2016ರಲ್ಲಿ ಮಾಡಿ 2017ರ ನವೆಂಬರ್‌ನಿಂದ ಜಾರಿಗೆ ತಂದ ನಿಯಮದ ಮೇರೆಗೆ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಕೂಡದು. ಆದರೆ ಅದಕ್ಕಿಂತ ಮೊದಲು ಬಳಿದುದು ನಮ್ಮ ಕಿಟಕಿಗಳ ಮೇಲೆ ಹಾಗೆಯೇ ಉಳಿದಿದೆಯಷ್ಟೆ. ಆದುದರಿಂದ ಅದನ್ನು ಒಣಗಿದ್ದಂತೆಯೇ ಉಜ್ಜಗೊಡಿಸದೆ, ನೀರು ಚಿಮುಕಿಸಿ ತೇವಮಾಡಿ, ಸಡಿಲವಾದಷ್ಟನ್ನು ಮಾತ್ರ ಹೆರೆಯಿಸಿದೆವು. ಆ ಹೊತ್ತಿನಲ್ಲಿ ಮಗಳನ್ನು ಹತ್ತಿರ ಸೇರಿಸಲಿಲ್ಲ. ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸಿದೆವು. ಹಳೆಯ ಮನೆಗಳಲ್ಲಿ ವಾಸಿಸುವ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಮಿಕ್ಕುದೆಲ್ಲ ಅವಳ ಇಷ್ಟದಂತೆ ನಡೆಯಿತು. ಮೂರು ಗೋಡೆಗಳಿಗೆ ಬಿಳಿ, ಒಂದಕ್ಕೆ ರಾತ್ರಿಯ ಆಕಾಶದಂತಹ ಕಡುನೀಲಿ. ಕಡುನೀಲಿಯಿಂದ ಕೋಣೆ ಕತ್ತಲಾದೀತೆಂದು ನಾವು ಹೇಳಿದೆವು. “ಕಿಟಕಿಯ ಗೋಡೆಗೇ ನೀಲಿ, ಬೆಳಕು ಬೀಳುವ ಮೂರೂ ಗೋಡೆ ಬಿಳಿ” ಎಂದು ನಕ್ಷೆಯನ್ನು ತೋರಿಸಿದಳು. ಅವಳು ಹೇಳಿದುದೇ ಸರಿಯಾಗಿತ್ತು. ಕನ್ನಡಿಯ ಮೇಜು ಬೇಡವೆಂದಳು. ಅದನ್ನು ಮಾರಿ ಬಂದ ಹಣದಲ್ಲಿ ಪುಸ್ತಕದ ಹಲಗೆಗಳಾದುವು. ಕಪಾಟನ್ನು ಗೋಡೆಗೆ ಒತ್ತಿಡದೆ, ಮಳೆಗಾಲದಲ್ಲಿ ಗಾಳಿಯಾಡುವಂತೆ ನಾಲ್ಕು ಬೆರಳಷ್ಟು ಮುಂದಕ್ಕಿಟ್ಟೆವು. ಹಲಸಿನ ತಗ್ಗು ಮೇಜನ್ನು ಮಾತ್ರ ಬಿಡಲೊಲ್ಲದೆ ಮಂಚದ ಬದಿಗೆ ಇರಿಸಿಕೊಂಡಳು. ಅದನ್ನು ಮಾಡಿದ ಆಚಾರಿಯೇ ಬಂದು ತಟ್ಟಿ ನೋಡಿ, “ಹಲಸು ಅಮ್ಮ, ಇವಳ ಮಕ್ಕಳ ಕಾಲಕ್ಕೂ ಇದಕ್ಕೆ ಏನೂ ಆಗ್ಲಿಕ್ಕಿಲ್ಲ” ಎಂದನು.

ಓದುವ ಮೇಜಿನ ವಿಷಯದಲ್ಲಿ ನಾವು ಬಹಳ ನಾಚಬೇಕಾಯಿತು. ಬೆಳಕು ಎಡಗಡೆಯಿಂದ ಬೀಳಬೇಕೆಂಬ ಹಳೆಯ ಪಾಠವನ್ನು ನೆನೆದು, ಎಪ್ರಿಲ್ ತಿಂಗಳಲ್ಲಿ ನಾವು ಅದನ್ನು ಕಿಟಕಿಯು ಎಡಕ್ಕೆ ಬರುವಂತೆ ಇರಿಸಿದ್ದೆವು. ನಮ್ಮ ಮಗಳು ಎಡಗೈಯಿಂದ ಬರೆಯುವವಳು. ಅವಳ ಕೈಯ ನೆರಳು ಅವಳ ಅಕ್ಷರದ ಮೇಲೆಯೇ ಬೀಳುತ್ತಿತ್ತು. ಹೆತ್ತು ಹದಿಮೂರು ವರ್ಷ ಸಾಕಿದ ನಮಗೆ ಇದು ಹೊಳೆಯಲಿಲ್ಲ. ಅವಳ ರಟ್ಟಿನ ಮೇಜು ಮಾತ್ರ ಮೊದಲ ದಿನದಿಂದಲೂ ಕಿಟಕಿಯು ಬಲಕ್ಕೆ ಬರುವಂತೆಯೇ ನಿಂತಿತ್ತು. ಕುರ್ಚಿಯಲ್ಲಿ ಕುಳಿತಾಗ ಪಾದಗಳೆರಡೂ ನೆಲಕ್ಕೆ ತಾಗುವಂತೆಯೂ, ಮೊಣಕೈಯ ಮಟ್ಟಕ್ಕೆ ಮೇಜಿನ ಹಲಗೆ ಬರುವಂತೆಯೂ ಎತ್ತರವನ್ನು ನೋಡಿಕೊಂಡೆವು. ಅವಳು ಇನ್ನೂ ಬೆಳೆಯುವವಳಾದ್ದರಿಂದ ಕುರ್ಚಿಯು ಏರಿಸಿ ಇಳಿಸಬಹುದಾದದ್ದು.

ಕಡೆಗೆ ಚಿಲಕದ ಮಾತು ಬಂದಿತು. ಬಾಗಿಲಿಗೆ ಒಳಗಿನಿಂದ ಚಿಲಕ ಬೇಕೆಂದು ಅವಳು ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ನಮ್ಮ ಅತ್ತೆಯವರು, “ಹೆಣ್ಣುಮಗುವಿನ ಕೋಣೆಗೆ ಒಳಚಿಲಕವೇ? ನಮ್ಮ ಮನೆಯಲ್ಲಿ ಎಂದಾದರೂ ಉಂಟೇ?” ಎಂದರು. ನಿಜವನ್ನು ಹೇಳುವುದಾದರೆ ನಮ್ಮ ಎದೆಯೂ ಹಾಗೆಯೇ ನಡುಗಿತು. ಮುಚ್ಚಿದ ಬಾಗಿಲಿನ ಹಿಂದೆ ಮಗುವಿಗೆ ದುಃಖವೋ ಅಪಾಯವೋ ಬಂದರೆ ತಾಯಿಗೆ ತಿಳಿಯುವುದು ಹೇಗೆ? ಈ ಭಯವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಆದರೆ ಇನ್ನೊಂದು ಕಡೆಯೂ ಉಂಟು. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ 1992ರಲ್ಲಿ ನಮ್ಮ ದೇಶವೂ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ವಯಸ್ಸಿಗೆ ತಕ್ಕಂತೆ ಅದರ ಅಭಿಪ್ರಾಯಕ್ಕೆ ಬೆಲೆಕೊಡಬೇಕೆಂದು 12ನೆಯ ವಿಧಿಯೂ, ಅದರ ಖಾಸಗಿ ಬಾಳಿನಲ್ಲಿ ನಿಷ್ಕಾರಣವಾಗಿ ಕೈಹಾಕಕೂಡದೆಂದು 16ನೆಯ ವಿಧಿಯೂ ಹೇಳುತ್ತವೆ. ಹೆಣ್ಣಾಗಿ ಬೆಳೆಯುವ ಮಗುವಿಗೆ ಬಟ್ಟೆ ಬದಲಾಯಿಸುವುದಕ್ಕೂ, ಅಳಬೇಕೆನಿಸಿದಾಗ ಅಳುವುದಕ್ಕೂ ಒಂದು ಮುಚ್ಚಿದ ಬಾಗಿಲು ಬೇಕೆಂಬುದನ್ನು ತಿಳಿಯಲು ಒಡಂಬಡಿಕೆಯೂ ಬೇಕಾಗಿಲ್ಲ. ನಮ್ಮ ನಮ್ಮ ಹದಿಮೂರನೆಯ ವರ್ಷವನ್ನು ನೆನೆದರೆ ಸಾಕು.

ಎರಡು ದಿವಸ ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಅಪಾಯದ ವೇಳೆಯಲ್ಲಿ ಹೊರಗಿನಿಂದ ನಾಣ್ಯದ ಅಂಚಿನಿಂದ ತಿರುಗಿಸಿ ತೆರೆಯಬಹುದಾದ ಚಿಲಕವನ್ನು ಹಾಕಿಸುವುದು. ನಾವು ಎಂದೂ ಬಾಗಿಲು ತಟ್ಟದೆ, ಒಳಗಿನಿಂದ ಉತ್ತರ ಬಾರದೆ ಪ್ರವೇಶಿಸದಿರುವುದು. ಅವಳು ರಾತ್ರಿ ಮೊಬೈಲ್ ಫೋನನ್ನು ಕೋಣೆಯೊಳಗೆ ಒಯ್ಯದಿರುವುದು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತುಸು ಹಿಂದೆ ಸರಿಯುವುದರಿಂದ ಅವರಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ನಿದ್ರಾಶಾಸ್ತ್ರದ ವೈದ್ಯರು ಹೇಳುತ್ತಾರೆ; ಅದರ ಮೇಲೆ ಫೋನೂ ಸೇರಿದರೆ ಅಷ್ಟು ನಿದ್ದೆ ಎಲ್ಲಿಂದ ಬರಬೇಕು? “ಹಾಗಾದರೆ ನಿಮ್ಮ ಫೋನುಗಳೂ ಹೊರಗೇ ಇರಲಿ” ಎಂದು ಮಗಳು ಪಟ್ಟುಹಿಡಿದಳು. ಅದು ನ್ಯಾಯವೇ ಆದುದರಿಂದ ಅಂದಿನಿಂದ ಮನೆಯ ಮೂರು ಫೋನುಗಳೂ ಚಾವಡಿಯ ಕಪಾಟಿನಲ್ಲಿ ಮಲಗುತ್ತವೆ.

ಚಿಲಕವು ಬಂದ ಮೊದಲ ವಾರ ಅವಳು ಅದನ್ನು ದಿನಕ್ಕೆ ಹತ್ತು ಸಲ ಹಾಕಿದಳು. ಆಮೇಲೆ ಸದ್ದು ಕಡಿಮೆಯಾಯಿತು. ಈಗ ಬಾಗಿಲು ಹೆಚ್ಚಾಗಿ ಅರೆತೆರೆದೇ ಇರುತ್ತದೆ. ಆದರೆ ನಾವು ಒಮ್ಮೆ ಮರೆತು ತಟ್ಟದೆ ಒಳನುಗ್ಗಿದೆವು. ಆ ದಿನ ಚಿಲಕವು ಮತ್ತೆ ಬಿದ್ದಿತು, ನಾಲ್ಕು ದಿವಸ ಬಿದ್ದೇ ಇದ್ದಿತು. ತೆರೆದ ಬಾಗಿಲು ನಮಗೆ ಸಲ್ಲಬೇಕಾದ ಕಪ್ಪವಲ್ಲ, ಅವಳಾಗಿ ಕೊಡುವ ಕೊಡುಗೆಯೆಂದು ಹೀಗೆ ಕಲಿತೆವು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಬೇರೆ ಕೋಣೆಯೆಂಬುದಿಲ್ಲವೆಂಬುದನ್ನು ನಾವು ಬಲ್ಲೆವು. ನಮ್ಮ ಬಾಲ್ಯದಲ್ಲಿಯೂ ಇರಲಿಲ್ಲ. ಆದರೆ ಇಲ್ಲಿ ಹೇಳಹೊರಟ ಮಾತಿಗೆ ಕೋಣೆಯೇ ಬೇಕೆಂದಿಲ್ಲ. ಒಂದು ಹಲಗೆ, ಪರದೆ ಕಟ್ಟಿದ ಒಂದು ಮೂಲೆ, ಬೀಗವಿರುವ ಒಂದು ಪೆಟ್ಟಿಗೆ, ಇಷ್ಟನ್ನು “ಇದು ನಿನ್ನದು, ನಿನ್ನನ್ನು ಕೇಳದೆ ನಾವು ಮುಟ್ಟುವುದಿಲ್ಲ” ಎಂದು ಹೇಳಿ, ಹೇಳಿದಂತೆ ನಡೆದರೆ ಮಗುವು ಅದರಲ್ಲಿಯೇ ಬೆಳೆಯಬಲ್ಲದು. ಹಣ ಸುರಿದು ಬಣ್ಣ ಬಳಿಸಿ ಈ ಒಂದನ್ನು ಮರೆತರೆ, ನಮ್ಮ ಗುಲಾಬಿ ಗೋಡೆಯ ಗತಿಯೇ ಆಗುವುದು.

ಅವಳ ಹೊಸ ಹಲಗೆಯ ಮೇಲಿನ ಸಾಲಿನಲ್ಲಿ ಈಗ ಬೇರೊಂದು ಬಿಸ್ಕತ್ತಿನ ಡಬ್ಬಿಯಿದೆ. ಅಜ್ಜನ ಉಂಗುರವು ಅದರಲ್ಲಿಲ್ಲ; ಅದು ಹೋದುದು ಹೋಯಿತು, ನಮ್ಮ ಪಶ್ಚಾತ್ತಾಪದಿಂದ ಬರುವಂತಹುದಲ್ಲ. ಮತ್ತೇನಿದೆಯೆಂದು ನಮಗೆ ತಿಳಿಯದು. ಧೂಳು ಒರಸುವಾಗ ಅದನ್ನು ಎತ್ತಿ, ಒರಸಿ, ಇದ್ದಲ್ಲಿಯೇ ಇಡುತ್ತೇವೆ. ಹಾಗೆ ಇಡುವಾಗಲೆಲ್ಲ ಕೈಕಟ್ಟಿ ದೂರ ನಿಲ್ಲುತ್ತಿದ್ದ ಆ ಮೇಲ್ವಿಚಾರಕಿಯವರು ನಮ್ಮ ಕಣ್ಣಮುಂದೆ ಬರುತ್ತಾರೆ. ಈ ಶಾಲೆಯಲ್ಲಿ ನಾವು ಕಲಿತ ಗಣಿತವೂ ಭೂಗೋಳವೂ ಬಹುಮಟ್ಟಿಗೆ ಮರೆತುಹೋಗಿವೆ. ತಡವಾಗಿಯಾದರೂ ನೆನಪಿಗೆ ಬಂದ ಪಾಠವು ಇದು. ಇಂತಹ ಪಾಠಗಳನ್ನು ಇನ್ನೂ ಅನೇಕ ತಲೆಮೊರೆಯ ಬಾಲಿಕೆಯರು ಇಲ್ಲಿಂದ ಕೊಂಡೊಯ್ಯಲೆಂದು ಹಾರೈಸಿ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.